ದೇವರ ಗಾಡಿಯ ಕಡಾಣಿ

ಹುಣಸೂರಿನಲ್ಲಿ ಗಾಡಿ ಮಾಡುವವರು ಬಹಳ ಮಂದಿ ಇದ್ದರು. ಅವರಲ್ಲಿ ಕ್ರೈಸ್ತರೆಂದರೆ ಸೀಮೋನಯ್ಯ ಒಬ್ಬರೇ. ಸಾವಿರದ ಒಂಬೈನೂರ ಇಪ್ಪತ್ತಾರರ ಸುಗ್ಗಿ ಆರಾಧನೆಗೆ ಎಲ್ಲರೂ ರಾಗಿ, ಕುಂಬಳಕಾಯಿ ತಂದರೆ ಅವರು ಹೊಸ ಗಾಡಿಯನ್ನೇ ತಂದು ದೇವಾಲಯದ ಮುಂದೆ ನಿಲ್ಲಿಸಿದರು. ಹಳ್ಳಿಗಳಿಂದ ರೋಗಿಗಳನ್ನು ಆಸ್ಪತ್ರೆಗೆ ಕರೆತರಲೆಂದು ಕೊಟ್ಟ ಕಾಣಿಕೆ ಅದು. ಉಪದೇಶಿ ಯೇಸುದಾಸರು ಗಾಡಿಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು.

ಆ ಸಂಜೆಯೇ ಸೀಮೋನಯ್ಯ ಅದರ ಎರಡು ಕಡಾಣಿಗಳನ್ನೂ ಕಿತ್ತುಕೊಂಡು ಮನೆಗೆ ಹೋದರು. ಚಕ್ರವು ಅಚ್ಚಿನಿಂದ ಜಾರದಂತೆ ತಡೆಯುವುದು ಕಡಾಣಿ. ಅದಿಲ್ಲದೆ ಗಾಡಿ ಹತ್ತು ಮಾರು ಹೋಗಲಾರದು. ಅಚ್ಚಿನ ತೂತನ್ನು ಅವರು ಚೌಕವಾಗಿ ಕೊರೆದಿದ್ದರಿಂದ ಬೇರೆ ಗಾಡಿಯ ಗುಂಡು ಕಡಾಣಿ ಅದಕ್ಕೆ ಕೂರುತ್ತಿರಲಿಲ್ಲ.

ಗಾಡಿ ಬೇಕಾದವರು ಅವರ ಮನೆಗೇ ಬರಬೇಕಾಯಿತು.

“ಯಾವ ಊರು? ಯಾವ ದಾರಿ? ಕಲ್ಲುದಾರಿ ಆದ್ರೆ ಬ್ಯಾಡ.”

ದೇವರ ವಸ್ತು ಕೆಡದಂತೆ ಕಾಯುವುದೇ ಭಕ್ತಿ ಎಂದು ಅವರು ನಿಜವಾಗಿಯೂ ನಂಬಿದ್ದರು. ಗಾಡಿಗೆ ತನ್ನ ಎತ್ತು ಕಟ್ಟುತ್ತಿದ್ದ ರೈತ ನಂಜಣ್ಣ ಮಾತ್ರ ಸುಮ್ಮನಿರಲಿಲ್ಲ. “ಗಾಡಿ ದೇವ್ರದ್ದು, ಕಡಾಣಿ ಸೀಮೋನಯ್ಯಂದು ಕಣ್ರೀ. ಆ ದೇವ್ರೂ ಇವ್ರನ್ನ ಕೇಳ್ಕಂಡೇ ಒರಡ್ಬೇಕು!”

ಮಳೆಗಾಲಕ್ಕೆ ಮುಂಚೆ ಸೀಮೋನಯ್ಯ ಗಾಡಿಗೆ ಬೇಕಾದ ಮರ ನೋಡಲು ಕೋಟೆ ಊರಿನ ಕಡೆಗೆ ಹೋದರು. ಕಡಾಣಿಗಳು ಅವರ ಸೊಂಟದ ಚೀಲದಲ್ಲೇ ಇದ್ದವು. ಮರುದಿನ ಎರಡು ಹರಿದಾರಿ ದೂರದ ಹಳ್ಳಿಯಲ್ಲಿ ಪುಟ್ಟಮಲ್ಲಮ್ಮ ಎಂಬವಳಿಗೆ ಹೆರಿಗೆ ಕಷ್ಟವಾಯಿತು. ಬೇರೆ ಗಾಡಿಗಳೆಲ್ಲ ಸಂತೆಗೆ ಹೋಗಿದ್ದವು. ಸುದ್ದಿ ಕೇಳಿ ಉಪದೇಶಿಯೂ ನಂಜಣ್ಣನೂ ಇನ್ನಿಬ್ಬರೂ ಅಲ್ಲಿಗೆ ನಡೆದುಹೋಗಿ ಅವಳನ್ನು ಮಂಚದ ಮೇಲೆ ಮಲಗಿಸಿ ಆಸ್ಪತ್ರೆಯವರೆಗೆ ಹೊತ್ತು ತಂದರು. ತಾಯಿ, ಮಗು ಇಬ್ಬರೂ ಉಳಿದರು.

ಹಿಂದಿರುಗಿದ ಸೀಮೋನಯ್ಯನಿಗೆ ಹೆಂಡತಿ ಎಸ್ತರಮ್ಮ ಇದನ್ನೆಲ್ಲ ಹೇಳಿದರು.

“ನಾನಿದ್ದಿದ್ರೆ ಕೊಡ್ತಿರ್ಲಿಲ್ವಾ?” ಎಂದರು ಸೀಮೋನಯ್ಯ.

“ಸುಗ್ಗೀಲೇ ಪೂರ್ತಿ ಕೊಟ್ಟಿದ್ರೆ ನೀವಿರಬೇಕು ಅಂತ ಯಾಕಿತ್ತು? ಓಗಿ, ಉಪದೇಶಿಗಳ ಎಗಲು ನೋಡ್ಕಂಡ್ ಬನ್ನಿ.”

ಹೋಗಿ ನೋಡಿದರು. ಹೆಗಲಿನ ಚರ್ಮ ಕಿತ್ತುಬಂದಿತ್ತು. ಉಪದೇಶಿ ಕೂರಲು ಚಾಪೆ ಹಾಸಿದರು. ಸೀಮೋನಯ್ಯ ಕೂರಲಿಲ್ಲ.

ಭಾನುವಾರ ಕಾಣಿಕೆಯ ತಟ್ಟೆಗೆ ಎರಡು ಕಬ್ಬಿಣದ ತುಂಡುಗಳು ಠಣ್ ಎಂದು ಬಿದ್ದವು. ಹಿಂದಿನ ಸಾಲಿನ ಹೆಂಗಸರು ಬೆಚ್ಚಿ, ಆಮೇಲೆ ನಕ್ಕರು.

“ಕೀಲೆಣ್ಣೆ ಹಾಕೋವಾಗ ನಿಮ್ಮನ್ನ ಕರೀಲಾ?” ಎಂದರು ಉಪದೇಶಿ.

“ಕರೀಬ್ಯಾಡಿ. ಕೇಳ್ಲೂಬ್ಯಾಡಿ. ಹೋದ ಸುಗ್ಗೀಲಿ ನಾನು ಕೊಟ್ಟಿರ್ಲಿಲ್ಲ ಸ್ವಾಮಿ, ಇವತ್ತು ಕೊಟ್ಟೆ.”

ಆ ವರ್ಷ ಗಾಡಿ ಹಂಪಾಪುರ ಕಂಡಿತು, ಎನ್. ಬೇಗೂರಿನ ಕಾಡುದಾರಿಯನ್ನೂ ಕಂಡಿತು. ಒಮ್ಮೆ ಚಕ್ರದ ಒಳಗಿನ ಕಡ್ಡಿಗಳಾದ ಅರೆಗಳಲ್ಲಿ ಮೂರನ್ನು ಮುರಿದುಕೊಂಡು ಬಂತು. ಸೀಮೋನಯ್ಯ ಎಲ್ಲಿಗೆ, ಯಾರು ಎಂದು ಕೇಳದೆ ಹೊಸ ಅರೆ ಕೂರಿಸಿದರು. ಕೆಲಸದ ನಡುವೆ ಕೀರ್ತನೆ ಹಾಡುವ ಅಭ್ಯಾಸ ಅವರಿಗೆ ಶುರುವಾದದ್ದು ಆಗಲೇ ಎಂದು ಎಸ್ತರಮ್ಮ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಸೀಮೋನಯ್ಯನ ಕೆಲಸದ ಕೊಟ್ಟಿಗೆಯ ಮುಂದಿನ ಕಲ್ಲುದಾರಿಯಲ್ಲೇ ಗಾಡಿ ಧಡಧಡನೆ ಬಂತು. ಒಳಗೆ ಜ್ವರದಿಂದ ನರಳುತ್ತ ಜಾನ್ ಬೀ ಎಂಬ ಹೆಂಗಸು ಮಲಗಿದ್ದಳು. ನಂಜಣ್ಣ ಹಗ್ಗ ಜಗ್ಗಿ, “ಏನ್ ಸೀಮೋನಯ್ಯ, ಮೆಲ್ಲಗೆ ಒಡೀಲಾ?” ಎಂದು ಕೆಣಕಿದ.

ಸೀಮೋನಯ್ಯ ಮರ ಕೆತ್ತುತ್ತಿದ್ದ ಬಾಚಿಯನ್ನು ಕೆಳಗಿಟ್ಟು ಎರಡೂ ಕೈ ಮೇಲೆತ್ತಿ ಕೂಗಿದರು: “ಬಿರ್ನೆ ಒಡಿ ಕಣ್ಲಾ ನಂಜ! ಇನ್ನೂ ಬಿರ್ನೆ!”