ಒಂದೇ ಪದರಿನ ನೆಲ

ನನ್ನ ಅಂಗಡಿಯ ಬೋರ್ಡನ್ನು ಪೂರ್ತಿ ಓದಿದವರು ಈ ಭೂಮಿಯ ಮೇಲೆ ಇಬ್ಬರೇ: ಒಬ್ಬ ಅದನ್ನು ಬರೆದ ಪೇಂಟರ್, ಇನ್ನೊಬ್ಬ ಬರೆಸಿದ ನಾನು. ಬಸ್ಸಿನಲ್ಲಿ ಕುಳಿತವರು 'ಶಹಾಬಾದ ಕಲ್ಲು, ಗ್ರಾನೈಟ್, ಟೈಲ್ಸ್' ಎನ್ನುವಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತಿತ್ತು. ನೀರಿನ ಟ್ಯಾಂಕು, ಶಾಮಿಯಾನ ಬಾಡಿಗೆ, ಮೋಟಾರು ರಿಪೇರಿ ಇವೆಲ್ಲ ಅವರ ಪಾಲಿಗೆ ಗುಟ್ಟಾಗಿಯೇ ಉಳಿಯುತ್ತಿದ್ದವು. ಕೊನೆಯ ಸಾಲಿನಲ್ಲಿ ಜಾಗ ಸಾಲದೆ ಪೇಂಟರ್ 'ಇತ್ಯಾದಿ' ಎಂದು ಬರೆದಿದ್ದ. ಸುಳ್ಳೇಕೆ ಹೇಳಲಿ, ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆಯಿದ್ದದ್ದು ಆ 'ಇತ್ಯಾದಿ'ಯ ಮೇಲೆ.

ಶಹಾಬಾದಿನಲ್ಲಿ ನನ್ನದೊಂದು ಕಲ್ಲು ಕೊಯ್ದು ಪಾಲಿಶ್ ಮಾಡುವ ಸಣ್ಣ ಯಾರ್ಡು. ಕಲ್ಲಿನ ಧಂದೆ ಅಪ್ಪನದು, ಉಳಿದದ್ದೆಲ್ಲ ನನ್ನ ಪ್ರತಿಭೆ. "ನಿಮ್ಮ ಕಡಿ ಅದು ಸಿಗ್ತದೇನ್ರಿ?" ಎಂದು ಯಾರಾದರೂ ಕೇಳಿದರೆ ಇಲ್ಲ ಎನ್ನಲು ನನಗೆ ನಾಲಿಗೆ ಹೊರಳುತ್ತಿರಲಿಲ್ಲ. "ಸಿಗ್ತದ, ಕುಂದ್ರಿ" ಎಂದು ಹೇಳಿ, ಅವರು ಚಹಾ ಕುಡಿದು ಮುಗಿಸುವಷ್ಟರಲ್ಲಿ ಆ ವ್ಯಾಪಾರಕ್ಕೂ ಇಳಿದುಬಿಡುತ್ತಿದ್ದೆ. ನನಗೆ ಮಾತು ಕಲಿಸಿದ ನಮ್ಮ ಆಯಿ, ಎಂದರೆ ಅಪ್ಪನ ತಾಯಿ, ಇದ್ದಿದ್ದರೆ ಈ ಬೋರ್ಡನ್ನು ಸೆರಗಿನಿಂದಲೇ ಒರೆಸಿಹಾಕುತ್ತಿದ್ದಳು. ಅವಳು ಮುಂಜಾನೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕುಳಿತಳೆಂದರೆ ಲೋಕ ಅವಳ ಪಾಲಿಗೆ ಇರುತ್ತಿರಲಿಲ್ಲ. ಒಮ್ಮೆ ಬೆಕ್ಕು ಹಾಲಿಗೆ ಬಾಯಿ ಹಾಕಿತು. ನಾನು ಕೂಗಿಕೊಂಡೆ. ಆಯಿ ಕಣ್ಣೆತ್ತಲಿಲ್ಲ. ನಿಧಾನವಾಗಿ ಪೂಜೆ ಮುಗಿಸಿ, ಲಿಂಗ ಕಟ್ಟಿಕೊಂಡು, ಆಮೇಲೆ ಕಸಬರಿಗೆ ಹಿಡಿದಳು. ಆಗಲೇ ಯಾಕೆ ಓಡಿಸಲಿಲ್ಲ ಎಂದು ಕೇಳಿದ್ದಕ್ಕೆ, "ಬೆಕ್ಕು ನಾಳಿನೂ ಬರ್ತದೋ ಮಗಾ. ಈ ಹೊತ್ತು ಬರ್ತದೇನು?" ಎಂದಳು.

ನಾನು ದೊಡ್ಡವನಾದ ಮೇಲೆ ಬೆಕ್ಕಿನ ಹಿಂದೆಯೇ ಓಡಿದೆ. ಅದೂ ಒಂದೇ ಬೆಕ್ಕಲ್ಲ.

ನನ್ನ ಓಟಕ್ಕೆ ಅಡ್ಡಗಾಲು ಹಾಕಿದವಳು ಸೇಡಮ್ಮಿನ ನೀಲಮ್ಮ. ಅವಳದೊಂದು ಖಾನಾವಳಿ. ಜೋಳದ ರೊಟ್ಟಿ, ಎರಡು ಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ; ಇಷ್ಟೇ. ಇಡ್ಲಿ ಕೇಳಿದವರಿಗೆ ಎದುರಿನ ಹೋಟೆಲ್ ತೋರಿಸುತ್ತಾಳೆ, ಅದೂ ಮುಖ ಸಣ್ಣ ಮಾಡಿಕೊಳ್ಳದೆ. ಉಣ್ಣಲು ಬರುವವರು ಬಹುಪಾಲು ಸಿಮೆಂಟ್ ಕಾರ್ಖಾನೆಯವರು. ಹಳೆಯ ನೆಲ ಕಿತ್ತು ನಮ್ಮ ಯಾರ್ಡಿನ ಕಲ್ಲು ಹಾಕಿಸಲು ಅವಳು ಎಂಟು ದಿನ ಖಾನಾವಳಿ ಮುಚ್ಚಿದಳು. "ಎಂಟು ದಿನ ಮಂದಿ ತಡೀತಾರ ತಮ್ಮಾ. ಒಂಬತ್ತನೇ ದಿನ ಬ್ಯಾರೆ ಕಡಿ ತಾಟು ಹಚ್ಚಿಸ್ಕೋತಾರ. ಮತ್ತ ಈ ಕಡಿ ಹೊಳ್ಳಿ ನೋಡಂಗಿಲ್ಲ" ಎಂದು ಮೊದಲೇ ಹೇಳಿದ್ದಳು. "ನೀ ಚಿಂತಿ ಬಿಡು ಅಕ್ಕಾ" ಎಂದೆ. ಈ ಮಾತನ್ನು ನಾನು ಅದೇ ವಾರ ಇನ್ನೂ ಐದು ಮಂದಿಗೆ ಹೇಳಿದ್ದೆ.

ಇಲ್ಲಿ ನಮ್ಮ ಕಲ್ಲಿನ ಸ್ವಭಾವ ಸ್ವಲ್ಪ ಹೇಳಬೇಕು. ಶಹಾಬಾದ ಕಲ್ಲು ಗಣಿಯಲ್ಲಿ ಪದರು ಪದರಾಗಿ ಮಲಗಿರುತ್ತದೆ. ಒಂದೊಂದು ಪದರಿನ ದಪ್ಪ ಒಂದೊಂದು ಥರ. ಒಂದು ಕೋಣೆಯ ನೆಲಕ್ಕೆ ಒಂದೇ ಪದರಿನ ಕಲ್ಲು ಹೋಗಬೇಕು. ನಮ್ಮ ಯಾರ್ಡಿನಲ್ಲಿ ಅದನ್ನು ವಿಂಗಡಿಸುವವರು ಖಾಜಾ ಚಾಚಾ, ಅಪ್ಪನ ಕಾಲದವರು. ಸುತ್ತಿಗೆಯ ಹಿಂಭಾಗದಿಂದ ತಟ್ಟಿ, ಸದ್ದು ಕೇಳಿ, ಅಂಚಿನ ಮೇಲೆ ಬೆರಳಾಡಿಸಿ ಪದರು ಹೇಳುತ್ತಾರೆ. ನೀಲಮ್ಮನ ಲಾರಿ ತುಂಬುವ ದಿನ ಚಾಚಾ ಇರಲಿಲ್ಲ. ಚಿತ್ತಾಪುರದ ಒಂದು ಮದುವೆಗೆ ಶಾಮಿಯಾನ ಕಟ್ಟಲು ನಾನೇ ಕಳಿಸಿದ್ದೆ. ಕಲ್ಲೆಂದರೆ ಕಲ್ಲು ತಾನೆ ಎಂದುಕೊಂಡು, ಕೈಗೆ ಸಿಕ್ಕ ಮೂರು ಪದರಿನ ಸಾಲುಗಳಿಂದ ಹೇರಿಸಿ ಕಳಿಸಿದೆ. ಬೇರೆ ಊರಿನವನು ಈ ತಪ್ಪು ಮಾಡಿದ್ದರೆ ಕ್ಷಮಿಸಬಹುದಿತ್ತು.

ಮುಚ್ಚಿದ ನಾಲ್ಕನೇ ದಿನ ನಾನು ವಾಡಿ ಸ್ಟೇಷನ್ನಿನಲ್ಲಿದ್ದೆ. ಟೈಲ್ಸ್ ಏಜೆನ್ಸಿ ಕೊಡಲು ಹೈದರಾಬಾದಿನಿಂದ ಒಬ್ಬ ಸಾಹೇಬರು ಬರುವವರಿದ್ದರು. ಎರಡು ವರ್ಷದಿಂದ ಬೆನ್ನು ಹತ್ತಿದ್ದ ಏಜೆನ್ಸಿ. ಅವರ ಗಾಡಿಗೆ ಇನ್ನೂ ಹೊತ್ತಿತ್ತು. ಅಷ್ಟರಲ್ಲಿ ನೀಲಮ್ಮನ ಫೋನು.

"ತಮ್ಮಾ, ಎಲ್ಲಿದ್ದಿ?"

"ವಾಡಿಯಾಗ ಇದ್ದೀನಕ್ಕಾ. ಸ್ವಲ್ಪ ಟೈಲ್ಸಿಂದು..."

"ಟೈಲ್ಸ್ ಸುಡು. ಅರ್ಧಾ ನೆಲ ಹಾಸ್ಯಾರ, ಬಂದು ಒಂದು ತಂಬಗಿ ನೀರು ನೀನೇ ಹಾಕಿ ನೋಡು."

ನಮ್ಮ ಕಡೆ ಹೊಸ ನೆಲಕ್ಕೆ ಮನೆಯ ಹಿರಿಯ ಹೆಂಗಸು ಒಂದು ತಂಬಿಗೆ ನೀರು ಹಾಕುತ್ತಾಳೆ. ನೀರು ಎಲ್ಲೂ ನಿಲ್ಲದೆ ನೆಟ್ಟಗೆ ಮೋರಿಗೆ ಹೋದರೆ ಕೆಲಸ ಪಾಸು. ಅದರ ಮೇಲೆ ಅಪೀಲಿಲ್ಲ.

ಎದುರಿನ ಪ್ಲಾಟ್‌ಫಾರಂನಲ್ಲಿ ಸೇಡಮ್ಮಿನ ಕಡೆ ಹೋಗುವ ಗಾಡಿ ಹೊರಡಲು ನಿಂತಿತ್ತು. ಎರಡು ವರ್ಷದ ಬೆಕ್ಕು ಹೈದರಾಬಾದಿನಿಂದ ಬರುತ್ತಿದೆ, ನೀಲಮ್ಮನಿಗೆ ನಾಲ್ಕೇ ದಿನ ಉಳಿದಿವೆ. ನಾನು ಮೆಟ್ಟಿಲು ಹತ್ತಿ ಇಳಿದು ಓಡಿದೆ. ಚಿತ್ತಾಪುರದ ಆಚೆ ಸಾಹೇಬರ ಗಾಡಿ ನನ್ನ ಗಾಡಿಯ ಪಕ್ಕದಲ್ಲೇ ಎದುರಿನಿಂದ ಹಾದುಹೋಯಿತು. ಕಿಟಕಿಯಿಂದ ಕೈ ಮುಗಿದೆ. ಯಾರಿಗೆ ತಲುಪಿತೋ ಗೊತ್ತಿಲ್ಲ, ಏಜೆನ್ಸಿ ಮಾತ್ರ ಬೇರೆಯವರಿಗೆ ತಲುಪಿತು.

ಸೇಡಮ್ಮಿನಲ್ಲಿ ನಾನು ಹಾಕಿದ ತಂಬಿಗೆ ನೀರು ಮೂರು ಕಡೆ ಕೆರೆ ಕಟ್ಟಿ, ಉಳಿದದ್ದು ಮೋರಿ ಬಿಟ್ಟು ಒಲೆಯ ಕಡೆ ನಡೆಯಿತು. ನೆಲ ಹಾಸುತ್ತಿದ್ದ ಗೌಂಡಿ ತಲೆ ಕೆರೆದುಕೊಂಡು, "ನನ್ನ ಕೈ ತಪ್ಪಲ್ರಿ ಇದು. ದಪ್ಪಂದೊಂದು, ತೆಳ್ಳಂದೊಂದು, ಹ್ಯಾಂಗ ಕೂಡಸ್ಲಿ?" ಎಂದ.

"ನಂದು ರೊಟ್ಟಿ ನೋಡೀದಿ ಇಲ್ಲೋ?" ಎಂದಳು ನೀಲಮ್ಮ. ಅವಳು ಬೈದಿದ್ದರೆ ಹಗುರಾಗುತ್ತಿತ್ತು. "ಒಂದು ದಪ್ಪ ಒಂದು ತೆಳ್ಳಗ ಇರ್ತಾವೇನು? ಯಾಕಂದ್ರ ಬಡಿಯೋ ಹೊತ್ತಿಗೆ ನಾ ಬ್ಯಾರೆ ಏನೂ ಮಾಡಂಗಿಲ್ಲ."

ಹಿಂದಿರುಗುವಾಗ ಚಿತ್ತಾಪುರದಲ್ಲಿ ಇಳಿದೆ. ಖಾಜಾ ಚಾಚಾ ಇನ್ನೂ ಅದೇ ಮದುವೆಯ ಹಂದರದಲ್ಲಿ ಬಗ್ಗಿ, ಪದರಿನ ಸದ್ದು ಕೇಳುವ ಅದೇ ಸುತ್ತಿಗೆಯಿಂದ ಶಾಮಿಯಾನದ ಗೂಟ ಬಡಿಯುತ್ತಿದ್ದರು. ನನ್ನ ಮುಖ ನೋಡಿ, "ಲಾರಿ ತುಂಬಿಸಿದ್ರೇನು ಸಾವ್ಕಾರ್ರೆ?" ಎಂದರು. ತಲೆಯಾಡಿಸಿದೆ. "ಹೊಟ್ಟಿಗೇನ್, ಗೂಟಾ ಬಡದ್ರೂ ತುಂಬ್ತದ. ಆದ್ರ ಭಾಳ ದಿನ ಹಿಂಗ ಬಡದ್ರ ಈ ಕಿವಿ ಕಲ್ಲು ಮರೀತದ್ರಿ" ಎಂದರು. ಶಾಮಿಯಾನ, ಹಗ್ಗ, ಗೂಟ ಎಲ್ಲವನ್ನೂ ಅಲ್ಲೇ ಇದ್ದ ಅಡುಗೆ ಕಂಟ್ರಾಕ್ಟರನಿಗೆ ವಹಿಸಿ ಚಾಚಾನನ್ನು ಕರೆದುಕೊಂಡು ಬಂದೆ.

ಮರುದಿನ ಬೆಳಿಗ್ಗೆಯಿಂದ ಇಬ್ಬರೂ ಕಲ್ಲು ವಿಂಗಡಿಸಲು ಸಾಲಿನ ಮುಂದೆ ಕುಳಿತೆವು. ಫೋನು ಸುಮ್ಮನಿರಬೇಕಲ್ಲ! ಮಾದರಿಗೆಂದು ಇಟ್ಟಿದ್ದ ಖಾಲಿ ನೀರಿನ ಟ್ಯಾಂಕಿನೊಳಗೆ ಅದನ್ನು ಇಳಿಬಿಟ್ಟು ಮುಚ್ಚಳ ಹಾಕಿದೆ. ಟ್ಯಾಂಕಿನ ವ್ಯಾಪಾರದಿಂದ ನನಗಾದ ಮೊದಲ ಉಪಯೋಗ ಅದು. ಒಳಗೆ ಫೋನು ದೂರದ ದೇವಸ್ಥಾನದ ಗಂಟೆಯ ಹಾಗೆ ಬಡಿದುಕೊಳ್ಳುತ್ತಿತ್ತು, ಹೊರಗೆ ಚಾಚಾನ ಸುತ್ತಿಗೆ ಠಣ್ ಎನ್ನುತ್ತಿತ್ತು. ಹತ್ತು ಕಲ್ಲು ತಟ್ಟುವವರೆಗೆ ನನ್ನ ಕಿವಿ ಟ್ಯಾಂಕಿನ ಕಡೆಗೇ ಇತ್ತು. ಇಪ್ಪತ್ತಾಗುವಷ್ಟರಲ್ಲಿ ಅಪ್ಪ ಕಲಿಸಿದ್ದು ಬೆರಳ ತುದಿಗೆ ಮರಳಿತು. ಸನ್ನತಿಯಲ್ಲಿ ನೆಲ ಅಗೆದಾಗ ಸಿಕ್ಕ ಬೌದ್ಧ ಶಿಲ್ಪಗಳನ್ನು ನೀವು ನೋಡಿರಬಹುದು. ಅವೂ ನಮ್ಮ ಸುಣ್ಣದ ಕಲ್ಲಿನ ಬಳಗದವೇ. ಅವನ್ನು ಕೆತ್ತಿದ ಪುಣ್ಯಾತ್ಮನ ಮನೆಯ ಮುಂದೆ ಯಾವ ಬೋರ್ಡಿತ್ತೋ ಕಾಣೆ. ಕಮಲದ ಒಂದು ಎಸಳು ಬಿಡಿಸಿ, ನಡುವೆ ಎದ್ದು ಹೋಗಿ ಯಾರಿಗೋ ಹಂದರ ಹಾಕಿ ಬಂದವನಂತೂ ಅಲ್ಲ. ಎಸಳು ನೋಡಿದರೆ ಗೊತ್ತಾಗುತ್ತದೆ.

ಎರಡು ದಿನದಲ್ಲಿ ಒಂದೇ ಪದರಿನ ಕಲ್ಲು ಆರಿಸಿ, ಪಾಲಿಶ್ ಮಾಡಿ, ಲಾರಿಯ ಹಿಂದೆಯೇ ನಾವೂ ಸೇಡಮ್ಮಿಗೆ ಹೋದೆವು. ಗೌಂಡಿ ಮೊದಲು ಹಾಸಿದ್ದನ್ನೆಲ್ಲ ಕಿತ್ತು ಹೊಸದಾಗಿ ಹಾಸುತ್ತ ಹೋದಂತೆ ಚಾಚಾ ಕಲ್ಲು ಸರಿಸಿಕೊಟ್ಟರು, ನಾನು ಸಿಮೆಂಟು-ಮರಳಿನ ಮಸಾಲೆ ಕಲಸಿದೆ. ಎಂಟನೇ ದಿನ ಇಳಿಹೊತ್ತಿಗೆ ನೀಲಮ್ಮ ತಂಬಿಗೆ ತಂದು ಸುರಿದಳು. ನೀರು ಒಂದು ಕ್ಷಣ ಯೋಚಿಸಿತು. ಆಮೇಲೆ ಅದು ಮನೆ ದಾರಿ ಬಲ್ಲ ದನದ ಹಾಗೆ ನೆಟ್ಟಗೆ ಮೋರಿಗೆ ಹೋಯಿತು. ನೀಲಮ್ಮ ಖಾಲಿ ತಂಬಿಗೆಯನ್ನು ನನ್ನ ಕೈಗಿಟ್ಟು, "ನಾಳಿ ಊಟಕ್ಕ ಬಾ. ಇಡ್ಲಿ ಕೇಳಬ್ಯಾಡ" ಎಂದಳು. ಮರುದಿನ ಕಾರ್ಖಾನೆಯ ಮಂದಿ ಬಂದರು. ಒಬ್ಬನೂ ನೆಲ ನೋಡಲಿಲ್ಲ, ರೊಟ್ಟಿ ನೋಡಿದರು. ನೆಲಕ್ಕೆ ಅದಕ್ಕಿಂತ ದೊಡ್ಡ ಶಹಬ್ಬಾಸ್ ಬೇಕಿಲ್ಲ.

ವಾರದೊಳಗೆ ಪೇಂಟರನನ್ನು ಕರೆಸಿದೆ. ಗ್ರಾನೈಟ್ ಹೋಯಿತು, ಟೈಲ್ಸ್ ಹೋಯಿತು, ಟ್ಯಾಂಕು, ಶಾಮಿಯಾನ, ಮೋಟಾರು ಎಲ್ಲ ಹೋದವು. ಪೇಂಟರ್ ಕೊನೆಯ ಸಾಲಿನಲ್ಲಿ ಬ್ರಶ್ ನಿಲ್ಲಿಸಿ, "ಇತ್ಯಾದಿನಾದ್ರೂ ಇರ್ಲೇನ್ರಿ? ಬೋರ್ಡಿಗೆ ಕಳಾ ಅದ" ಎಂದ. ನಾನು ಆ ಅಕ್ಷರಗಳನ್ನು ಕೊನೆಯ ಸಲ ಓದಿಕೊಂಡೆ.

"ಅಳಸ್ರಿ."

"ಖಾಲಿ ಜಾಗಾ ಭಾಳ ಉಳೀತದಲ್ರಿ!"

"ಉಳೀಲಿ ಬಿಡ್ರಿ."

ಈಗ ಬಸ್ಸಿನವರು ನನ್ನ ಬೋರ್ಡನ್ನು ಪೂರ್ತಿ ಓದುತ್ತಾರೆ. ಓದಿ ಮುಗಿದರೂ ಬಸ್ಸಿಗೆ ತಿರುವು ಬಂದಿರುವುದಿಲ್ಲ. ಉಳಿದ ಆ ಚೂರು ಹೊತ್ತಿನಲ್ಲಿ, ಬೇರೆ ಮಾಡಲಿಕ್ಕೇನೂ ಇಲ್ಲದೆ, ಯಾರ್ಡಿನೊಳಗೆ ಪದರಿನ ಪ್ರಕಾರ ಸಾಲಾಗಿ ನಿಂತ ಕಲ್ಲುಗಳನ್ನು ನೋಡುತ್ತಾರೆ.