ಹುದಿಕೇರಿಯ ಶಿಶುವಿಹಾರವನ್ನು ತಿದ್ದಲು ಹೋದದ್ದು

ಜನವರಿ ಕೊನೆಯ ಒಂದು ಗುರುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಮಡಿಕೇರಿಯ ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ತಲೆಗೆ ಮಫ್ಲರ್ ಸುತ್ತಿದ್ದೆ. ಚೀಲದಲ್ಲಿ ಒಂದು ಜೊತೆ ಬಟ್ಟೆ, ಮಂಡಿನೋವಿನ ಎಣ್ಣೆ ಮತ್ತು ಒಂದು ಮಹತ್ಕಾರ್ಯ ಇದ್ದವು. ಹುದಿಕೇರಿ ಕಡೆಯ ಒಂದು ಕಾಫಿ ಎಸ್ಟೇಟಿನ ಶಿಶುವಿಹಾರವನ್ನು ಒಂದೇ ದಿನದಲ್ಲಿ ತಿದ್ದಿ ಆಧುನಿಕಗೊಳಿಸುವುದೇ ಆ ಮಹತ್ಕಾರ್ಯ. ಬಾಲವಾಡಿ ಶಿಕ್ಷಕಿಯರಾಗುವ ಹುಡುಗಿಯರಿಗೆ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು ನಾನು. ಎಸ್ಟೇಟಿನ ಮ್ಯಾನೇಜರ್ ನಂಜಪ್ಪ ನನ್ನ ನಂಬರು ಹುಡುಕಿ ಫೋನ್ ಮಾಡಿದ್ದರು.

"ಟೀಚರೇ, ಶುಕ್ರವಾರ ಆಡಿಟ್ ಉಂಟು. ನಮ್ಮ ಕಾಫಿ ತಗೊಳ್ಳುವ ಹೊರದೇಶದವರ ಪರವಾಗಿ ಒಬ್ಬರು ಮೇಡಂ ಬರ್ತಾರೆ. ನಮ್ಮ ಆಯಾ ದೇವಕಿ ಮಕ್ಕಳ ಮುಂದೆ ಕಾಫಿ ಹಣ್ಣು ಸುರಿದು ಕೂರಿಸ್ತಾಳೆ. ಮೇಡಂ ಕಂಡ್ರೆ ಬಾಲಕಾರ್ಮಿಕರು ಅಂತ ಬರೀತಾರೆ, ಸರ್ಟಿಫಿಕೇಟ್ ಹೋಗ್ತದೆ. ನೀವು ಬಂದು ಅವಳಿಗೆ ಸ್ವಲ್ಪ ಬುದ್ಧಿ ಹೇಳಿ."

ಬುದ್ಧಿ ಹೇಳುವುದು ನಮ್ಮ ಮನೆತನದ ಕಸುಬು. ಅಜ್ಜ ದೇವಸ್ಥಾನದಲ್ಲಿ ಹೇಳಿದರು, ಅಪ್ಪ ಶಾಲೆಯಲ್ಲಿ ಹೇಳಿದರು. ಕೇಳಿದವರ ಸಂಖ್ಯೆ ಎರಡೂ ಕಡೆ ಅಷ್ಟಕ್ಕಷ್ಟೆ. ಆದರೂ ಒಪ್ಪಿಕೊಂಡೆ.

ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಉಚಿತ. ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿದ.

"ಫೋಟೋದಲ್ಲಿ ಇರೋದು ನೀವೇನಾ ಅಮ್ಮ?"

"ತೆಗೆಸುವಾಗ ನಾನೇ ಆಗಿದ್ದೆ."

ಅವನು ನಗದೆ ಸೊನ್ನೆ ರೂಪಾಯಿಯ ಚೀಟಿ ಹರಿದುಕೊಟ್ಟ. ಮೂರ್ನಾಡು ದಾಟುವವರೆಗೂ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಕಿಟಕಿಯ ಹೊರಗೆ ಕೊಡಗು ಇದೆ ಎಂಬುದನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಯಿತು. ವಿರಾಜಪೇಟೆಯಲ್ಲಿ ಇಳಿದು ನೂಲ್‌ಪುಟ್ಟು, ಕಡಲೆ ಸಾರು ತಿಂದೆ. ಕಾಫಿಯೂ ಸೇರಿ ಎಪ್ಪತ್ತು ರೂಪಾಯಿ. ಕಾಫಿಯ ನಾಡಿನ ಕಾಫಿ ಎಂದಿನಂತೆ ನೀರಾಗಿತ್ತು. ಒಳ್ಳೆಯದನ್ನೆಲ್ಲ ಹೊರದೇಶದ ಆ ಮೇಡಮ್ಮಿನ ಕಡೆಯವರು ಕುಡಿಯುತ್ತಿರಬೇಕು.

ಗೋಣಿಕೊಪ್ಪದ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬ ತರುಣಿ ತಾಯಿ, ಅವಳ ತೊಡೆಯ ಮೇಲೆ ಮೂರು ವರ್ಷದ ಮಗಳು, ಮಗಳ ತೊಡೆಯ ಮೇಲೆ ಫೋನು. ಫೋನು ಇಂಗ್ಲಿಷಿನಲ್ಲಿ ಹಾಡುತ್ತಿತ್ತು.

"ಇಪ್ಪತ್ತು ರೈಮ್ಸ್ ಬರ್ತದೆ ಇವಳಿಗೆ," ಎಂದಳು ತಾಯಿ. ಸ್ವಲ್ಪ ಹೊತ್ತಿನ ಮೇಲೆ, ಸ್ವರ ತಗ್ಗಿಸಿ, "ಆದ್ರೆ ನೀರು ಬೇಕಾದ್ರೆ ಕೇಳೋದಿಲ್ಲ. ಬಾಟ್ಲಿ ತೋರಿಸ್ತಾಳೆ, ಅಷ್ಟೆ. ಡಾಕ್ಟರ್ ಹತ್ರ ತೋರಿಸ್ಬೇಕಾ?"

"ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಫೋನು ಚೀಲದಲ್ಲಿಟ್ಟು ಕಿಟಕಿ ತೋರಿಸಿ. ಅವಳು ಏನನ್ನು ನೋಡ್ತಾಳೋ ಅದರ ಹೆಸರು ಹೇಳಿ, ಆಮೇಲೆ ಸುಮ್ನೆ ಕಾಯಿರಿ. ಮಕ್ಕಳ ಉತ್ತರ ಬರೋದು ನಮ್ಮ ಬಸ್ಸಿನಷ್ಟೇ ತಡ."

ಬಿಟ್ಟಂಗಾಲದಲ್ಲಿ ಮಂಜು ಹರಿದು ಕಣಗಳಲ್ಲಿ ಒಣಗಲು ಹರಡಿದ ಕಾಫಿ ಕಂಡಿತು. ತಾಯಿ ಫೋನು ಒಳಗಿಟ್ಟಳು. ಮಗು ರಂಪ ಮಾಡಿತು. ಇಡೀ ಬಸ್ಸು ನನ್ನನ್ನು ದುರುಗುಟ್ಟಿ ನೋಡಿತು. ಶಿಕ್ಷಣತಜ್ಞೆಯ ಬದುಕು ಸುಲಭದ್ದಲ್ಲ.

ಗೋಣಿಕೊಪ್ಪದಿಂದ ಹುದಿಕೇರಿಗೆ ಖಾಸಗಿ ಬಸ್ಸು, ಇಪ್ಪತ್ತೈದು ರೂಪಾಯಿ. ಅಲ್ಲಿಂದ ಎಸ್ಟೇಟಿನ ಜೀಪು ನನ್ನನ್ನೂ ನಾಲ್ಕು ಚೀಲ ಗೊಬ್ಬರವನ್ನೂ ಸಮಾನ ಗೌರವದಿಂದ ಹೊತ್ತು ಹನ್ನೊಂದು ಗಂಟೆಗೆ ಲೈನಿಗೆ ತಲುಪಿಸಿತು. ಕೂಲಿಕಾರರ ಮನೆಗಳ ಸಾಲು ಮುಗಿಯುವಲ್ಲಿ ಶಿಶುವಿಹಾರ. ಒಂದು ಕೋಣೆ, ಒಂದು ಉದ್ದನೆಯ ಜಗಲಿ. ಬಾಗಿಲಲ್ಲಿ ಸೀರೆಯ ಮೇಲೆ ಗಂಡನ ಜಾಕೆಟ್ ತೊಟ್ಟ ನಲವತ್ತರ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನನ್ನನ್ನು ತಿದ್ದಲಿಕ್ಕೆ ಬಂದ ಟೀಚರ್ ನೀವೇ ಅಲ್ವಾ? ಬನ್ನಿ. ಮೊದಲು ಕಾಫಿ ಕುಡೀರಿ. ಆಮೇಲೆ ತಿದ್ದಿ."

ಒಳಗೆ ಟಿವಿಯೊಂದು ತನ್ನಷ್ಟಕ್ಕೆ ಹಾಡುತ್ತಿತ್ತು. ನಂಜಪ್ಪ ಮೈಸೂರಿನಿಂದ ತರಿಸಿದ್ದ ಬಣ್ಣದ ಪ್ಲಾಸ್ಟಿಕ್ ತುಂಡುಗಳ ಪೆಟ್ಟಿಗೆ ಕಪಾಟಿನ ಮೇಲಿತ್ತು. ಆಡಿಟ್ಟಿನ ತನಕ ಹೊಸದಾಗಿಯೇ ಇರಲೆಂದು ಅದರ ಹೊದಿಕೆ ತೆಗೆಯಲು ಅಪ್ಪಣೆ ಇರಲಿಲ್ಲ. ಎರಡೂವರೆಯಿಂದ ಐದು ವರ್ಷದ ಹನ್ನೊಂದು ಮಕ್ಕಳು ಗೋಡೆಗೊರಗಿ ಹಾಡನ್ನು ಸಹಿಸುತ್ತಿದ್ದರು. ಮಲಯಾಳಂ, ತಮಿಳು, ಎರವ, ಅಸ್ಸಾಮಿ, ಉರ್ದು, ಹೀಗೆ ಹನ್ನೊಂದು ಮಕ್ಕಳ ಮನೆಗಳಲ್ಲಿ ಐದು ಭಾಷೆಗಳು. ದೇವಕಿಯ ಮನೆಯಲ್ಲಿ ಅರೆಭಾಷೆ.

ದೇವಕಿ ಟಿವಿಯ ಬಾಯಿ ಮುಚ್ಚಿಸಿದಳು. ಜಗಲಿಯಲ್ಲಿ ಗೋಣಿತಾಟು ಹಾಸಿ, ಮೂರು ಸಲ ತೊಳೆದ ಒಂದು ಬೋಗುಣಿ ಕಾಫಿ ಹಣ್ಣು ಸುರಿದಳು. ಕೆಂಪು, ಹಸಿರು, ಒಣಗಿ ಕಪ್ಪಾದದ್ದು ಎಲ್ಲ ಬೆರಕೆ. ಹಣ್ಣು ಕೀಳುವ ಪಿಕ್ಕಿಂಗ್ ಹೆಂಗಸರು ಸಂಜೆ ತೂಕಕ್ಕೆ ಮುಂಚೆ ಸುತ್ತ ಕೂತು, ಕಾಯಿ ಬೇರೆ ಹಣ್ಣು ಬೇರೆ ಮಾಡುತ್ತ ಹರಟುತ್ತಾರಲ್ಲ, ಮಕ್ಕಳು ಹಾಗೆಯೇ ಕಾಲು ಚಾಚಿ ಕೂತರು. ಕಾಲು ಗಂಟೆಯ ಹಿಂದೆ ಗೋಡೆಗೊರಗಿ ಕೂತಿದ್ದ ಮಕ್ಕಳು ಇವರೇ ಎಂದು ಹೇಳುವಂತಿರಲಿಲ್ಲ. ತೂಕ ಬರೆದುಕೊಳ್ಳುವ ರೈಟರನ ಮೇಲಿನ ಅಮ್ಮಂದಿರ ಹರಟೆಯೇ ಇವರ ಬಾಯಲ್ಲಿ.

"ಬೇಗ ಬೇಗ ಮಾಡ್ರೇ, ರೈಟರ್ ಬರ್ತಾ ಉಂಟು!"

"ಬರ್ಲಿ. ಅವನಿಗೆಂತ ಕೆಲಸ, ಬರಿಯೋದು ಮಾತ್ರ."

"ನಿನ್ನ ಗಂಡ ನಿನ್ನೆ ಎಂತ ತಂದ?"

"ಮೀನು. ಮತ್ತೆ ಬಿದ್ದ."

ಕೆಂಪು ಎಂದರೆ ಒಬ್ಬಳಿಗೆ ಚುವಪ್ಪ್, ಒಬ್ಬನಿಗೆ ಸಿವಪ್ಪು, ಇನ್ನೊಬ್ಬಳಿಗೆ ಲಾಲ್. ರಾಶಿ ಮಾತ್ರ ಒಂದೇ. ದೇವಕಿ ಪ್ರತಿಯೊಂದು ಮಾತಿಗೂ ಒಂದು ಮಾತು ಸೇರಿಸಿ ಹಿಂದಿರುಗಿಸುತ್ತಿದ್ದಳು. ಮಗು "ಮೀನು" ಎಂದರೆ "ದೊಡ್ಡ ಮೀನಾ, ಹೊಳೆ ಮೀನಾ?" ಎನ್ನುವಳು. ನಾನು ಕಪ್ಪು ಹಲಗೆಯ ಮೇಲೆ ಬಾಣ ಎಳೆದು ಎರಡು ವಾರ ಕಲಿಸುತ್ತಿದ್ದ ಪಾಠವದು. ಇವಳು ಹಣ್ಣಿನ ಹುಳು ಆರಿಸುತ್ತಲೇ ಮುಗಿಸುತ್ತಿದ್ದಳು. ನನ್ನ ಟಿಪ್ಪಣಿ ಪುಸ್ತಕವನ್ನು ಯಾರಿಗೂ ಕಾಣದಂತೆ ಚೀಲಕ್ಕೆ ಹಾಕಿದೆ.

ನಾಲ್ಕು ವರ್ಷದ ರುನುವನ್ನು ದೇವಕಿ ಕಣ್ಣಲ್ಲೇ ತೋರಿಸಿದಳು. "ದೀಪಾವಳಿ ಕಳೆದ ಮೇಲೆ ಅಸ್ಸಾಮಿನಿಂದ ಬಂದದ್ದು. ಒಂದೂವರೆ ತಿಂಗಳು ಬಾಯಿ ಬಿಡ್ಲಿಲ್ಲ. ಎಲ್ಲರೂ ಮೂಗಿ ಅಂದ್ರು. ಟಿವಿ ತೋರಿಸಿದೆ, ಇಲ್ಲ. ಕತೆ ಹೇಳಿದೆ, ಇಲ್ಲ. ಒಂದು ದಿನ ಇವಳ ಕೆಂಪು ರಾಶಿಗೆ ಯಾರೋ ಹಸಿರು ಹಾಕಿದ್ರು. 'ನಹಯ್' ಅಂದ್ಲು. ಅಲ್ಲ ಅಂತ. ನಾನೂ 'ನಹಯ್, ನಹಯ್' ಅಂದೆ. ಅದೊಂದೇ ನನಗೆ ಬಂದದ್ದು. ಅವಳ ಅಮ್ಮನ ಹತ್ರ ಇನ್ನೂ ಹತ್ತು ಮಾತು ಕಲ್ತೆ. ಈಗ ಕನ್ನಡದಲ್ಲೂ ಬೈತಾಳೆ."

"ಹಣ್ಣು ನುಂಗಿಬಿಟ್ಟರೆ?"

"ಅದಕ್ಕೇ ಸಣ್ಣವರಿಬ್ಬರು ನನ್ನ ಮಡಿಲಲ್ಲಿ. ನಾನು ಎದ್ದರೆ ಬೋಗುಣಿಯೂ ಏಳ್ತದೆ."

ಮಧ್ಯಾಹ್ನ ನಂಜಪ್ಪನವರ ಆಫೀಸಿಗೆ ಹೋಗಿ, ತಿದ್ದುವಂಥದ್ದು ಅಲ್ಲಿ ಟಿವಿಯೊಂದೇ ಎಂದು ವರದಿ ಒಪ್ಪಿಸಿದೆ. ಅವರು ಕೆಟ್ಟವರಲ್ಲ. ಹೆದರಿದವರು. ಆಡಿಟ್ ಮೇಡಮ್ಮಿಗೆ ತೋರಿಸಲೆಂದು ಮೇಜಿನ ಮೇಲೆ ಟೈಪಾದ ಕಾಗದವೊಂದು ಆಗಲೇ ಸಿದ್ಧವಿತ್ತು. ಸೋಮವಾರದಿಂದ ಶಿಶುವಿಹಾರ ಬಂದ್. ಮಕ್ಕಳು ವ್ಯಾನಿನಲ್ಲಿ ಪೇಟೆಯ ಇಂಗ್ಲಿಷ್ ನರ್ಸರಿಗೆ. ದೇವಕಿ ಪಿಕ್ಕಿಂಗಿಗೆ. ಕೆಳಗೆ, ಮಕ್ಕಳನ್ನು ಹಣ್ಣಿನ ಮುಂದೆ ಕೂರಿಸಿದ್ದು ತಪ್ಪು ಎಂಬ ಸಾಲು, ಅವಳ ಸಹಿಗೆ ಜಾಗ.

"ನೀವು ತಿದ್ದಿದ್ರೆ ಇದು ಬೇಕಿರಲಿಲ್ಲ ಟೀಚರೇ. ಹೇಗಿದ್ರೂ ಲೈನಿನ ಮಕ್ಕಳಿಗೂ ಇಂಗ್ಲಿಷ್ ಬರೋದು ಬೇಡ್ವಾ?"

"ಬರಲಿ. ಸ್ವಂತ ಮಾತು ಗಟ್ಟಿಯಾದ ಮೇಲೆ ಇನ್ನೊಂದು ಬೇಗ ಬರ್ತದೆ. ಈಗ ಕಳಿಸಿದ್ರೆ ಆ ರುನು ಮತ್ತೆ ಬಾಯಿ ಮುಚ್ಚಿ ಕೂರ್ತಾಳೆ."

ಅವರು ಕಾಗದವನ್ನು ನೀಟಾಗಿ ಮಡಚಿದರು.

ಸಂಜೆ ತೂಕ ಮುಗಿದ ಮೇಲೆ ತಾಯಂದಿರ ಸಭೆ. ಕಾಗದದ ಸುದ್ದಿ ನನಗಿಂತ ಮೊದಲೇ ಲೈನು ತಲುಪಿತ್ತು. ನಾನು ಗಂಟಲು ಸರಿಮಾಡಿಕೊಂಡು, ಮಗುವಿಗೆ ತಾಯಿಯ ಮಾತಿಗಿಂತ ದೊಡ್ಡ ಆಟಿಕೆ ಇಲ್ಲ, ನಿಮ್ಮ ನಿಮ್ಮ ಭಾಷೆಯಲ್ಲೇ ಮಾತಾಡಿ, ಸಮಯ ಸಿಕ್ಕಾಗಲೆಲ್ಲ ಮಾತಾಡಿ ಎಂದು ಉಪದೇಶಿಸಿದೆ. ಪಿಕ್ಕಿಂಗಿನಲ್ಲಿ ಎಲ್ಲರಿಗಿಂತ ಚುರುಕಾದ ಗೌರಿ ಎಂಬವಳು ಎಲೆಯಡಿಕೆ ಉಗಿದು ಬಂದಳು.

"ಯಾವಾಗ ಸಿಗ್ತದೆ ಟೀಚರಮ್ಮ ಸಮಯ? ಮಂಜಲ್ಲಿ ಬಿಟ್ಟು ಹೋಗ್ತೇವೆ, ಕತ್ತಲಲ್ಲಿ ಕರ್ಕೊಂಡು ಹೋಗ್ತೇವೆ. ಸಿಕ್ಕಾಗ ಅಂತ ಹೇಳ್ಬೇಡಿ. ತಗೊಳ್ಳಿ ಅಂತ ಹೇಳಿ."

"ಸರಿ, ತಗೊಳ್ಳಿ," ಎಂದೆ. ತರಬೇತಿ ಕೊಡಲು ಹೋದವಳು ಪಡೆದು ಬಂದದ್ದು ಅಂದು ಎರಡನೆಯ ಸಲ.

ಶುಕ್ರವಾರ ಏಳೂವರೆಗೆ ಜಗಲಿಯ ಮೇಲೆ ಎಲ್ಲರೂ ನೆರೆದಿದ್ದರು. ತಾಯಂದಿರು ಮಕ್ಕಳನ್ನು ಬಿಟ್ಟು ತೋಟಕ್ಕೆ ಹೊರಡುವ ಹೊತ್ತು. ನಂಜಪ್ಪ ಕಾಗದ ಬಿಡಿಸಿ ದೇವಕಿಯ ಮುಂದೆ ಹಿಡಿದರು. ಅವಳು ಪೂರ್ತಿ ಓದಿದಳು, ನಿಧಾನವಾಗಿ, ಕೊನೆಯ ಚುಕ್ಕಿಯವರೆಗೆ.

"ಪಿಕ್ಕಿಂಗಿಗೆ ಕಳಿಸಿ ಸಾರ್, ಹೋಗ್ತೇನೆ. ಹದಿನೈದು ವರ್ಷ ಮಾಡಿದ ಕೆಲಸ. ಆದ್ರೆ ನಾನು ಇಲ್ಲಿ ಮಾಡಿದ್ದು ತಪ್ಪು ಅಂತ ಸಹಿ ಹಾಕೋದಿಲ್ಲ."

"ಹಾಗಾದ್ರೆ ಬೀಗದ ಕೈ ಕೊಡು."

ಕೊಡಲಿಲ್ಲ. ಗೋಣಿತಾಟು ಹಾಸಿದಳು, ಬೋಗುಣಿ ಸುರಿದಳು. ಮಕ್ಕಳು ಕೂತರು. ಆಮೇಲೆ ಗೌರಿ ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ, ಮಗನ ಪಕ್ಕ ಕೂತಳು. ರುನುವಿನ ಅಮ್ಮ ಮಾಲತಿ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು.

"ಇದೆಂತ ಗೌರಿ? ಸ್ಟ್ರೈಕಾ?"

"ಅಯ್ಯೋ, ಸ್ಟ್ರೈಕ್ ಎಂತಕ್ಕೆ ಸಾರ್? ನೀವೇ ಕರೆಸಿದ ಟೀಚರು ಹೇಳಿದ್ದು, ಮಕ್ಕಳ ಹತ್ರ ಮಾತಾಡಿ ಅಂತ. ಮಾತಾಡ್ತಾ ಇದ್ದೇವೆ."

"ಎಷ್ಟು ಹೊತ್ತು?"

"ಅದನ್ನು ಅವರು ಹೇಳ್ಲಿಲ್ಲ."

ನಂಜಪ್ಪ ನನ್ನತ್ತ ತಿರುಗಿದರು. ನಾನು ಬಹಳ ಗಂಭೀರವಾಗಿ ಸಿಲ್ವರ್ ಓಕ್ ಮರಗಳನ್ನು ನೋಡಿದೆ. ಅವುಗಳ ಕೆಳಗೆ ರೊಬಸ್ಟಾ ಗಿಡಗಳು ಕೊಂಬೆ ಬಾಗುವಷ್ಟು ಕೆಂಪಾಗಿ ನಿಂತಿದ್ದವು. ತಡವಾದಷ್ಟೂ ಹಣ್ಣು ಗಿಡದಲ್ಲೇ ಒಣಗಿ ಕಪ್ಪಾಗುತ್ತದೆ. ಅದು ಅವರಿಗೂ ಗೊತ್ತಿತ್ತು, ಹೆಂಗಸರಿಗೂ ಗೊತ್ತಿತ್ತು.

ಹತ್ತಕ್ಕೆ ಬರಬೇಕಿದ್ದ ಆಡಿಟ್ ಮೇಡಂ ಎಂಟೂವರೆಗೇ ಬಂದಿಳಿದರು. ಮೈಸೂರಿನವರು, ಕನ್ನಡದವರು, ಬೂಟು ಹಾಕಿದವರು.

"ಪೇರೆಂಟ್ಸ್ ಮೀಟಿಂಗ್ ಮೇಡಂ," ಎಂದರು ನಂಜಪ್ಪ, ಬೆವರು ಒರೆಸುತ್ತ.

ಮೇಡಂ ಗೋಣಿಯನ್ನೂ ಹಣ್ಣನ್ನೂ ನೋಡಿದರು. ಮುಖ ಬಿಗಿಯಾಯಿತು. ಮಕ್ಕಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, ಹಣ್ಣೊಂದನ್ನು ಎತ್ತಿ ತಿರುಗಿಸಿ ನೋಡಿ ಯೋಚಿಸುತ್ತಲೇ ಕೆಳಗಿಟ್ಟರು. ಇಟ್ಟದ್ದು ರುನುವಿನ ಕೆಂಪು ರಾಶಿಯಲ್ಲಿ.

"ಏಯ್! ಕಣ್ಣು ಕಾಣಲ್ವಾ? ಅದು ಹಸಿರು. ಅಲ್ಲಿ ಹಾಕು!"

ರುನು ಗದರಿದಳು. ಲೈನಿನ ರೈಟರನ ಸ್ವರವೇ ಅದು. ಮಾಲತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಡಂ ಆ ಹಣ್ಣನ್ನು ತೆಗೆದು, ವಿಧೇಯರಾಗಿ, ಹಸಿರು ರಾಶಿಗೆ ಹಾಕಿದರು. ಆಮೇಲೆ ದೇವಕಿಯನ್ನು ಕೇಳಿದರು. "ನೇರವಾಗಿ ಹೇಳಿ. ಇದು ಕೆಲಸವಾ?"

"ಕೆಲಸ ಆಗಿದ್ರೆ ನನ್ನನ್ನು ಯಾವತ್ತೋ ಓಡಿಸ್ತಿದ್ರು ಮೇಡಂ," ಎಂದು ದೇವಕಿ ಎರಡೂ ಕೈಯಿಂದ ಕೆಂಪು, ಹಸಿರು, ಕಪ್ಪು ರಾಶಿಗಳನ್ನು ಒಟ್ಟಿಗೆ ಕಲಸಿಬಿಟ್ಟಳು. ಮಕ್ಕಳು ಹೋ ಎಂದು ಕಿರುಚಿದರು. "ದಿನಾ ಬೇರೆ ಮಾಡ್ತಾರೆ, ದಿನಾ ಬೆರೆಸ್ತೇನೆ. ಹಣ್ಣು ಹೆಚ್ಚಾಗೋದಿಲ್ಲ. ಅರ್ಧ ಚೀಪಿ ಹಾಳು ಮಾಡ್ತಾರೆ. ಹೆಚ್ಚಾಗೋದು ಮಾತು ಮಾತ್ರ. ಬೇಕಾದ್ರೆ ಅದನ್ನು ತೂಕ ಹಾಕಿ."

ಮೇಡಂ ಬಹಳ ಹೊತ್ತು ಬರೆದರು. ಎಸ್ಟೇಟಿನ ಗುರುತಿರುವ ಗೋಣಿ ತೆಗೆದು ಚಾಪೆ ಹಾಸಬೇಕು ಎಂದರು.

"ಆಟ ಅಂತ ಬರೀತೀರಾ ಮೇಡಂ?" ನಂಜಪ್ಪ ಕುತ್ತಿಗೆ ಚಾಚಿ ಇಣುಕಿದರು.

"ಬೆರೆಸ್ತಾರೆ ಅಂತ ಬರೆದಿದ್ದೇನೆ. ಉಳಿದದ್ದು ಮೇಲಿನವರು ಹೇಳ್ತಾರೆ," ಎಂದು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ನೋಡಲು ಹೋದರು.

ನಂಜಪ್ಪ ಕಾಗದ ಮಡಚಿ ಜೇಬಿಗಿಟ್ಟರು. "ಸರಿ, ಏಳಿ ಇನ್ನು."

ಯಾರೂ ಏಳಲಿಲ್ಲ.

"ಜೇಬಲ್ಲಿದ್ರೆ ಅದು ಉಂಟು ಅಂತಲೇ ಲೆಕ್ಕ ಸಾರ್," ಎಂದಳು ಗೌರಿ, ಹಣ್ಣಿನಿಂದ ಕಣ್ಣೆತ್ತದೆ. "ನಮಗೆ ಅವಸರ ಇಲ್ಲ. ಇನ್ನೂ ಕಪ್ಪು ಹಣ್ಣಿನ ವಿಷಯ ಮಾತಾಡ್ಲಿಕ್ಕೆ ಬಾಕಿ ಉಂಟು."

ಬಿಸಿಲು ಜಗಲಿಯ ಮೊದಲ ಮೆಟ್ಟಿಲು ಹತ್ತಿತು. ನಂಜಪ್ಪ ತೋಟದ ಕಡೆ ನೋಡಿದರು, ಹೆಂಗಸರ ಕಡೆ ನೋಡಿದರು. ಕಾಗದ ತೆಗೆದು ಎರಡಾಗಿ ಹರಿದರು, ನಾಲ್ಕಾಗಿ ಹರಿದರು, ಮತ್ತೆ ಕೋಪದಿಂದ ಇನ್ನೂ ಚಿಕ್ಕದಾಗಿ ಹರಿದು ಅಲ್ಲೇ ಬಿಟ್ಟು ಜೀಪು ಹತ್ತಿದರು. ಹೆಂಗಸರು ಗೆದ್ದೆವೆಂದು ಕೂಗಲಿಲ್ಲ. ಮಕ್ಕಳ ಮೂಗು ಒರೆಸಿ, ತಲೆಗೆ ಬಟ್ಟೆ ಕಟ್ಟಿ, ಸಾಲಾಗಿ ತೋಟಕ್ಕೆ ಇಳಿದರು.

ನನ್ನನ್ನು ಹುದಿಕೇರಿಗೆ ಬಿಡುವ ಜೀಪೂ ಅದೇ. ಚೀಲ ಹಿಡಿದು ಹಿಂದಿನ ಸೀಟಿನಲ್ಲಿ ಕೂತೆ. ನಂಜಪ್ಪ ಮುಂದೆ, ಪಲ್ಪರ್ ತನಕ. ತಿರುವಿನಲ್ಲಿ ಹಿಂದಕ್ಕೆ ನೋಡಿದೆ. ಮಕ್ಕಳು ಹಣ್ಣು ಬಿಟ್ಟು ಕಾಗದದ ಚೂರುಗಳನ್ನು ಬಾಚಿಕೊಂಡು ಬೇರೆ ಮಾಡಲು ಕೂತಿದ್ದರು. ಅಕ್ಷರ ಇದ್ದದ್ದು ಈ ಕಡೆ, ಖಾಲಿ ಇದ್ದದ್ದು ಆ ಕಡೆ. ಒಂದು ಚೂರಿನಲ್ಲಿ ಅರ್ಧ ಅಕ್ಷರ ಮಾತ್ರ ಉಳಿದಿರಬೇಕು. ರುನು ಅದನ್ನು ಎತ್ತಿ ಹಿಡಿದು ನಿಂತಿದ್ದಳು. ಅದು ಯಾವ ರಾಶಿಗೆ ಸೇರಬೇಕೆಂದು ಐದು ಭಾಷೆಗಳಲ್ಲಿ ಜಗಳ ನಡೆದಿತ್ತು. ದೇವಕಿ ತೀರ್ಪು ಕೊಡದೆ, ಗಲ್ಲಕ್ಕೆ ಕೈಯಿಟ್ಟು ಕೇಳುತ್ತ ಕೂತಿದ್ದಳು.