ನಲವತ್ತು ನಿಮಿಷದ ಬುಡ

ಸಂಸತ್ತಿನ ಸಂಶೋಧನಾ ವಿಭಾಗದಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಅನುಮಾನದಕ್ಕ. ಹೆಸರು ಇಟ್ಟವರು ಯಾರೆಂದು ಒಂದು ವಾರ ಬೆನ್ನು ಹತ್ತಿ ಕಂಡುಹಿಡಿದು, ಆಮೇಲೆ ಹೋಗಲಿ ಎಂದು ಸುಮ್ಮನಾಗಿದ್ದಳು. ತರಕಾರಿಯವನ ತಕ್ಕಡಿ, ಔಷಧಿ ಅಂಗಡಿಯ ಚೀಟಿ, ಗೋಡೆ ಗಡಿಯಾರ, ಯಾವುದನ್ನೂ ಅವಳು ಹಾಗೆಯೇ ನಂಬಿದವಳಲ್ಲ. ಗ್ಯಾಸ್ ಆರಿಸಿದ್ದೇನೆ ಎಂದು ಗಂಡ ಹೇಳಿದರೂ ಎದ್ದು ಹೋಗಿ ನೋಡಿ ಬರುವ ಹೆಂಗಸು. "ಮದುವೆ ದಿನ ನನ್ನ ಹೆಸರನ್ನೇ ಎರಡು ಸಲ ಕೇಳಿದ್ಳು" ಎಂದು ನೆಂಟರ ಮುಂದೆ ಹೇಳಿ ನಗಿಸುತ್ತಿದ್ದ ಅವನು. ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತನಾದವನು, ಪಾಪ, ನಗಿಸದೆ ಇನ್ನೇನು ಮಾಡಿಯಾನು.

ಆದರೆ ಆ ಕೆಲಸಕ್ಕೆ ಅಂಥ ಬುದ್ಧಿಯೇ ಬೇಕು. ಸದನದಲ್ಲಿ ಎದ್ದು ಮಾತಾಡುವ ಮೊದಲು ಸದಸ್ಯರು ವಿಭಾಗಕ್ಕೆ ಪ್ರಶ್ನೆ ಕಳಿಸುತ್ತಾರೆ. ಶಾಲೆ ಬಿಟ್ಟ ಮಕ್ಕಳೆಷ್ಟು, ಕುಡಿಯುವ ನೀರು ಎಷ್ಟು ಮನೆಗೆ ಬಂದಿದೆ, ಹೀಗೆ. ಕೇಳಿದವರು ಯಾವ ಪಕ್ಷದವರೇ ಆಗಲಿ, ಎರಡು ಪುಟದ ಟಿಪ್ಪಣಿ ಬರೆದುಕೊಡಬೇಕು. ಅದರಲ್ಲಿ ಒಂದೊಂದು ಅಂಕಿಗೂ ಬುಡ ಇರಬೇಕು. ಬುಡ ಎಂದರೆ ಅದನ್ನು ಮೊದಲು ನಿಂತು ಎಣಿಸಿದವರು. ಇಂಥವರು ಹೇಳಿದ್ದಾರೆ ಎಂದರೆ ಸಾಲದು, ಅವರಿಗೆ ಹೇಳಿದವರು ಯಾರು, ಆ ಮಹಾನುಭಾವರಿಗೆ ಎಲ್ಲಿಂದ ಸಿಕ್ಕಿತು ಎಂದು ಕೆಳಗಿಳಿಯುತ್ತಾ ಹೋಗಬೇಕು. ಇಪ್ಪತ್ತಾರು ವರ್ಷ ಅಕ್ಕ ಹೀಗೆ ಇಳಿದಿದ್ದಳು. ಅವಳ ಟಿಪ್ಪಣಿ ಎಂದರೆ ವಿರೋಧ ಪಕ್ಷದವರೂ ಮರುಮಾತಿಲ್ಲದೆ ಓದುತ್ತಿದ್ದರು. ಅವಳಿಗೆ ಇದ್ದ ಆಸ್ತಿ ಅದೊಂದೇ, ಅದರ ಬಗ್ಗೆ ಅವಳಿಗೆ ಜಂಬವೂ ಇತ್ತು.

ಆ ಸೋಮವಾರ ಮೇಜಿಗೆ ಬಂದದ್ದು ಹೆರಿಗೆ ವಾರ್ಡುಗಳ ಮಸೂದೆ. ಹಳ್ಳಿಗಾಡಿನ ಸಣ್ಣ ವಾರ್ಡುಗಳನ್ನು ಮುಚ್ಚಿ ದೊಡ್ಡ ಆಸ್ಪತ್ರೆಗಳಲ್ಲಿ ಸೇರಿಸುವುದು. ಗುರುವಾರ ಮತದಾನ. ಮುನ್ನುಡಿಯಲ್ಲಿ ಒಂದು ಸಾಲು: ಹಳ್ಳಿಯ ಗರ್ಭಿಣಿ ಸರಾಸರಿ ನಲವತ್ತು ನಿಮಿಷದಲ್ಲಿ ದೊಡ್ಡ ಆಸ್ಪತ್ರೆ ತಲುಪುತ್ತಾಳೆ. ಇಡೀ ಮಸೂದೆ ಆ ಸಾಲಿನ ಮೇಲೆ ನಿಂತಿತ್ತು.

ಹಿಂದಿನ ದಿನವಷ್ಟೇ ತಂಗಿ ಫೋನ್ ಮಾಡಿದ್ದಳು. ಹೊಳೆಯಾಚೆಯ ಊರೊಂದರಲ್ಲಿ ಹನ್ನೆರಡು ಹಾಸಿಗೆಯ ಹೆರಿಗೆ ವಾರ್ಡಿನ ನರ್ಸ್ ಅವಳು. ಮುಚ್ಚುವ ಪಟ್ಟಿಯಲ್ಲಿ ಆ ವಾರ್ಡೂ ಇತ್ತು. "ಅಕ್ಕ, ಇಲ್ಲಿಂದ ದೊಡ್ಡಾಸ್ಪತ್ರೆಗೆ ಎರಡು ಗಂಟೆ ಆಗುತ್ತೆ ಕಣೇ. ಮೊನ್ನೆ ಒಬ್ಬಳಿಗೆ ನಮ್ಮ ಮೆಟ್ಟಿಲ ಮೇಲೇ ಹೆರಿಗೆ ಆಯ್ತು. ಒಳಗೆ ಕರ್ಕೊಂಡು ಹೋಗೋಕ್ಕೂ ಟೈಮ್ ಇರ್ಲಿಲ್ಲ. ಅಂಥೋಳು ಎರಡು ಗಂಟೆ ದಾರಿಲಿ ಏನಾಗ್ತಾಳೆ? ನೀನೊಂದ್ಸಲ ನೋಡು."

ಅಕ್ಕನ ಮೊದಲ ಅನುಮಾನ ಎದುರು ಮೇಜಿನ ಹೊಸಬನ ಮೇಲೆ ಬಿತ್ತು. ಅವನು ಆರೋಗ್ಯ ಇಲಾಖೆಯಿಂದ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು, ಅಕ್ಕನ ಲೆಕ್ಕದಲ್ಲಿ ಇನ್ನೂ ಹೊಸಬನೇ. ಫೋನ್ ಬಂದರೆ ಕಾರಿಡಾರಿಗೆ ಎದ್ದು ಹೋಗುತ್ತಾನೆ, ಅವಳು ಹತ್ತಿರ ಬಂದರೆ ಪರದೆ ಬದಲಿಸುತ್ತಾನೆ. ಹಳೆಯ ಇಲಾಖೆಯ ಋಣ ತೀರಿಸುತ್ತಿದ್ದಾನೆ, ಇನ್ನೇನು?

"ಈ ನಲವತ್ತು ನಿಮಿಷ ಎಲ್ಲಿಂದ ಬಂತು?" ಎಂದು ನೇರವಾಗಿಯೇ ಕೇಳಿದಳು.

"ಇಲಾಖೆ ವರದಿಲಿದೆ ಮೇಡಂ, ಮೂರನೇ ಅಧ್ಯಾಯ" ಎಂದ. ಕೇಳುವ ಮೊದಲೇ ಅಧ್ಯಾಯ ಹೇಳಿದ್ದು ಅವಳಿಗೆ ಸರಿಬರಲಿಲ್ಲ.

ಎರಡನೆಯ ಅನುಮಾನ ವಿಭಾಗದ ಮುಖ್ಯಸ್ಥನ ಮೇಲೆ. ಕಳೆದ ವಾರ ಅವನು ಸಚಿವರ ಕಾರ್ಯದರ್ಶಿಯ ಜೊತೆ ಕ್ಯಾಂಟೀನಿನ ಮೂಲೆಯಲ್ಲಿ ಚಹಾ ಕುಡಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಚಹಾ ಕುಡಿಯುವುದು ತಪ್ಪೇನಲ್ಲ, ಆದರೆ ಮೂಲೆ ಯಾಕೆ?

ಸರಿ, ಬುಡ ಹಿಡಿಯಲು ಕೂತಳು. ಇಲಾಖೆಯ ವರದಿ ಒಂದು ವಿಶ್ವವಿದ್ಯಾಲಯದ ಅಧ್ಯಯನದ ಕಡೆ ಕೈ ತೋರಿಸಿತು. ಅಧ್ಯಯನ ಮಾಡಿದ ಪಂಡಿತರು ತಾವೇನೂ ಅಳೆದಿರಲಿಲ್ಲ, ಒಂದು ಪತ್ರಿಕೆಯ ಲೇಖನದಿಂದ ಎತ್ತಿಕೊಂಡಿದ್ದರು. ಲೇಖನದವನು ಎತ್ತಿಕೊಂಡದ್ದು ಹನ್ನೊಂದು ವರ್ಷದ ಹಿಂದೆ ಸದಸ್ಯರೊಬ್ಬರು ಸದನದಲ್ಲಿ ಮಾಡಿದ ಭಾಷಣದಿಂದ. ಒಬ್ಬರಾದರೂ ಬಸ್ ಹತ್ತಿ ಗಡಿಯಾರ ನೋಡಿಲ್ಲವಲ್ಲ ಎಂದು ಅಕ್ಕನಿಗೆ ಮೈಯೆಲ್ಲ ಉರಿಯಿತು. ಮಂಗಳವಾರ ಮಧ್ಯಾಹ್ನ ನಡಾವಳಿಯ ಸಂಪುಟ ತರಿಸಿ ಆ ಭಾಷಣ ತೆಗೆದಳು. ಸದಸ್ಯರು ಹೇಳಿದ್ದರು: "ನಮ್ಮ ಸಂಸತ್ತಿನ ಸಂಶೋಧನಾ ವಿಭಾಗದವರೇ ಕೊಟ್ಟ ಮಾಹಿತಿ ಇದು."

ಅಂದರೆ ಕಳ್ಳ ಮನೆಯೊಳಗೇ ಇದ್ದಾನೆ. ಆಗ ವಿಭಾಗದಲ್ಲಿದ್ದ ಐವರ ಮುಖಗಳನ್ನು ಒಂದೊಂದಾಗಿ ನೆನೆಯುತ್ತಾ ನೆಲಮಾಳಿಗೆಯ ಕಡತಗಳ ಕೋಣೆಗೆ ಇಳಿದಳು. ಇಬ್ಬರ ಮೇಲೆ ಬಲವಾದ ಗುಮಾನಿಯೂ ಹುಟ್ಟಿತ್ತು. ಕಟ್ಟು ಬಿಚ್ಚಿದಳು. ಟಿಪ್ಪಣಿಯ ಕರಡು ಕೈಬರಹದಲ್ಲಿತ್ತು. ಬಾಲ ಉದ್ದವಾದ ಆ ಅಕ್ಷರಗಳು ಅವಳವೇ. ನಲವತ್ತು ನಿಮಿಷದ ಪಕ್ಕದಲ್ಲಿ, ಆಕರ ಎಂಬಲ್ಲಿ, ದುಂಡಗೆ ಬರೆದಿದ್ದಳು: ಸಾರಿಗೆ ಮೂಲಗಳು.

ಎಲ್ಲ ನೆನಪಾಯಿತು. ಪ್ರಶ್ನೆ ಬಂದದ್ದು ಊಟದ ಹೊತ್ತಿಗೆ, ಉತ್ತರ ಮೂರು ಗಂಟೆಗೆ ಬೇಕಿತ್ತು. ಯಾವ ಸಮೀಕ್ಷೆಯೂ ಇರಲಿಲ್ಲ. ಅವಳು ಡಿಪೋಗೆ ಫೋನ್ ಮಾಡಿ ಗಂಡನನ್ನು ಕೇಳಿದ್ದಳು. ಇಪ್ಪತ್ತಾರು ವರ್ಷದಲ್ಲಿ ಒಬ್ಬರ ಮಾತನ್ನು ಮರುಪ್ರಶ್ನೆ ಕೇಳದೆ ಬರೆದುಕೊಂಡದ್ದು ಅದೊಂದೇ ಸಲ.

ಸಂಜೆ ಮನೆಗೆ ಹೋದವಳೇ ಚಪ್ಪಲಿ ಬಿಡುವ ಮೊದಲೇ ಕೇಳಿದಳು. "ರೀ, ಹಳ್ಳಿಯಿಂದ ದೊಡ್ಡಾಸ್ಪತ್ರೆಗೆ ನಲವತ್ತು ನಿಮಿಷ ಅಂತ ಅವತ್ತು ನಾನು ಡಿಪೋಗೆ ಫೋನ್ ಮಾಡಿದಾಗ ಹೇಳಿದ್ರಲ್ಲ, ಯಾವ ಲೆಕ್ಕದಲ್ಲಿ ಹೇಳಿದ್ರಿ?"

"ನನ್ನ ರೂಟಿಂದು ಹೇಳಿದ್ದೆ. ಹಗಲು ಹೊತ್ತು, ರಸ್ತೆ ಖಾಲಿ ಇದ್ರೆ. ಅದೂ ಊಟದ ಡಬ್ಬಿ ಮುಂದಿಟ್ಕೊಂಡು." ಅವನು ಪತ್ರಿಕೆ ಮಡಚಿದ. "ಯಾಕೆ, ಅದನ್ನ ಬರ್ಕೊಂಡ್ಯಾ?"

ಅಕ್ಕ ಚಪ್ಪಲಿ ಬಿಟ್ಟು ಒಳಗೆ ಹೋದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿವೃತ್ತಿಗೆ ಎರಡೇ ತಿಂಗಳಿತ್ತು. ಆದರೆ ಆ ಮೆಟ್ಟಿಲಿನ ಹೆಂಗಸು ಕಣ್ಣ ಮುಂದಿನಿಂದ ಹೋಗಲೊಲ್ಲಳು.

ಬುಧವಾರ ಬೆಳಿಗ್ಗೆ ಕಡತ ಹಿಡಿದು ಮುಖ್ಯಸ್ಥನ ಕೋಣೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವನು ಕಡತ ನೋಡಲಿಲ್ಲ, ಅವಳ ಮುಖ ನೋಡಿದ.

"ನಿಮ್ಮ ತಂಗಿ ಅಂಥದೇ ಒಂದು ವಾರ್ಡಲ್ಲಿದ್ದಾರಲ್ವಾ ಮೇಡಂ?"

"ಹೌದು ಸರ್. ಆದ್ರೆ ಇದು ನನ್ನ ಕೈಬರಹ."

"ಕೈಬರಹ ಸರಿ. ಗಂಡನ್ನ ಕೇಳಿ ಬರೆದೆ ಅಂತೀರಲ್ಲ, ಅದನ್ನ ಹೇಗೆ ನಂಬ್ಲಿ? ನೀವು? ಅದೂ ಮತದಾನದ ಹಿಂದಿನ ದಿನ ನೆನಪಾಯ್ತಾ?" ಅವನು ನಕ್ಕ. "ಹಳೇ ಟಿಪ್ಪಣಿಗೆ ತಿದ್ದುಪಡಿ ಕಳಿಸ್ತೀರಾ, ಕಳಿಸಿ. ನಾನು ತಡೆಯಲ್ಲ."

ಹನ್ನೆರಡು ಗಂಟೆಗೆ ತಿದ್ದುಪಡಿ ಎಲ್ಲ ಸದಸ್ಯರಿಗೂ ಹೋಯಿತು. ಈ ಅಂಕಿಗೆ ಬುಡವಿಲ್ಲ, ಇದನ್ನು ನಂಬಬೇಡಿ ಎಂದು ಎರಡೇ ಸಾಲು. ಒಂದು ಗಂಟೆಗೆ ಸಚಿವರ ಕಚೇರಿಯಿಂದ ಫೋನ್: ಇದನ್ನು ಯಾರು ಬರೆಸಿದರು, ಯಾವ ಪಕ್ಷದವರು? ಎರಡು ಗಂಟೆಗೆ ವಿರೋಧ ಪಕ್ಷದವರೂ ಮಾಡಿದರು. ಅವರಿಗೆ ಇನ್ನೊಂದು ಅನುಮಾನ, ಇದು ಸರ್ಕಾರವೇ ಒಡ್ಡಿದ ಬಲೆ. ನಲವತ್ತು ತಪ್ಪು ಎಂದು ತಾವು ಕೂಗಿದ ಮೇಲೆ ಸಚಿವರು ಎದ್ದು ಮೂವತ್ತು ಎಂದು ದಾಖಲೆ ತೋರಿಸಿದರೆ? ಬಿಸಿ ಪಾತ್ರೆಯನ್ನು ನೋಡಿದ ಹಾಗೆ ನೋಡಿದರೇ ಹೊರತು ಯಾರೂ ಆ ತಿದ್ದುಪಡಿಯನ್ನು ಮುಟ್ಟಲಿಲ್ಲ.

ಸಂಜೆ ಹೊಸಬ ಅವಳ ಮೇಜಿನ ಹತ್ತಿರ ಬಂದು ಸಣ್ಣ ದನಿಯಲ್ಲಿ ಹೇಳಿದ. "ನಾನು ನಂಬ್ತೀನಿ ಮೇಡಂ. ನಾನೂ ಹಾಗೆ ಎರಡು ಸಲ ಬರೆದಿದ್ದೀನಿ." ಯಾವ ಎರಡು ಎಂದು ಕೇಳುವ ಧೈರ್ಯ ಅಕ್ಕನಿಗೆ ಬರಲಿಲ್ಲ.

ಗುರುವಾರ ಮಸೂದೆ ಪಾಸಾಯಿತು. ಸಚಿವರು ನಲವತ್ತು ನಿಮಿಷ ಎಂದು ನಾಲ್ಕು ಸಲ ಹೇಳಿದರು, ಎಲ್ಲೂ ತಡವರಿಸಲಿಲ್ಲ. ಒಬ್ಬರೂ ಎದ್ದು ನಿಲ್ಲಲಿಲ್ಲ.

ಮನೆ ತಲುಪುವಷ್ಟರಲ್ಲಿ ತಂಗಿಯ ಫೋನ್ ಬಂತು. ಅವಳು ಅಳುತ್ತಿರಲಿಲ್ಲ, ಅವಳಿಗೆ ಕೆಂಡದಂಥ ಕೋಪ ಬಂದಿತ್ತು.

"ಮುಂದಿನ ತಿಂಗಳು ಬೀಗ ಹಾಕ್ತಾರಂತೆ. ಹಾಸಿಗೆ ಎಣಿಸೋಕೆ ಆಗ್ಲೇ ಜನ ಬಂದಿದ್ರು. ಅಕ್ಕ, ಆ ಸುಳ್ಳನ್ನ ಮೊದಲು ಬರೆದೋರು ಯಾರು ಅಂತ ಸಿಕ್ತಾ?"

"ಸಿಕ್ತು. ನಾನೇ."

ತಂಗಿ ಮೂಗಿನಲ್ಲೇ ನಕ್ಕಳು. "ಸುಮ್ನಿರಕ್ಕ. ಯಾರನ್ನೋ ಕಾಪಾಡೋಕೆ ಹೀಗೆ ಹೇಳ್ತಿದ್ದೀಯ ಅಷ್ಟೆ. ನೋಡದೆ ಒಂದಕ್ಷರ ಬರೆಯೋಳಲ್ಲ ನೀನು, ನನಗೆ ಗೊತ್ತಿಲ್ವಾ?"

"ನಾನೇ ಕಣೇ" ಎಂದಳು ಅಕ್ಕ.

"ಆಯ್ತು ಬಿಡು, ಹೆಸರು ಹೇಳ್ಬೇಡ. ವಾರ್ಡಲ್ಲಿ ಒಬ್ಬಳಿಗೆ ನೋವು ಶುರುವಾಗಿದೆ, ಆಮೇಲೆ ಮಾಡ್ತೀನಿ."